ಇಲ್ಲದ ಬಾಗಿಲ ಪೆಟ್ಟು

ನಾನು ಅಂಚೆಯವನು, ಆರಡಿ ಎರಡಿಂಚು ಎತ್ತರ. ದೆವ್ವ ಗಿವ್ವ ನಂಬೋ ಪೈಕಿ ಅಲ್ಲ. ಆದರೆ ಮಟಮಟ ಮಧ್ಯಾಹ್ನ ಹಣೆಗೆ ಬಿದ್ದ ಪೆಟ್ಟನ್ನು ನಂಬದೆ ಇರೋದು ಹೇಗೆ?

ಬಂದರಿನ ರಸ್ತೆಯಲ್ಲಿ ಹಿಂದೆ ಕೋಟೆ ಬಾಗಿಲಿತ್ತು. ಪರದೇಶದ ದೊರೆಗಳು ದೊಡ್ಡ ಬಾಗಿಲಲ್ಲಿ ಹೋಗೋರಂತೆ. ನಮ್ಮೋರು ಪಕ್ಕದ ದಿಡ್ಡಿ ಬಾಗಿಲಲ್ಲಿ ತಲೆ ತಗ್ಗಿಸಿ ನುಸುಳಬೇಕಿತ್ತಂತೆ. ಅಜ್ಜನ ಕಾಲಕ್ಕೇ ಎರಡನ್ನೂ ಕೆಡವಿದ್ದಾರೆ. ಈಗ ಅಲ್ಲಿರೋದು ಬರೀ ಬಿಸಿಲು.

ಆ ರಸ್ತೆಯ ಟಪಾಲು ನನ್ನ ಪಾಲಿಗೆ ಬಂದ ಮೊದಲ ದಿನ, ನಡೀತಾ ಇದ್ದ ಹಾಗೆ ಆ ಬಿಸಿಲಲ್ಲಿ ಒಂದು ಹೆಜ್ಜೆಯಷ್ಟು ಜಾಗ ತಣ್ಣಗಿತ್ತು. ತುಕ್ಕಿನ ವಾಸನೆ ಬಂತು. ಇದೇನಪ್ಪ ಅನ್ನೋಷ್ಟರಲ್ಲಿ ಧಡ್ ಅಂತ ಹಣೆ ಬಡಿದು ಟೋಪಿ ಹಾರಿಬಿತ್ತು.

ಡಾಕ್ಟರು ಗಾಯದಿಂದ ಮರದ ಸಿಬಿರು ಕಿತ್ತು, "ದಿಡ್ಡಿ ಬಾಗಿಲಾ? ಈ ವಾರ ನೀವು ಮೂರನೆಯವರು" ಅಂದರು, ನೆಗಡಿಯ ವಿಷಯ ಮಾತಾಡಿದ ಹಾಗೆ.

"ಸ್ವಲ್ಪ ಬಗ್ಗಿ ದಾಟಿದರೆ ಏನು ಗಂಟು ಹೋಗುತ್ತೆ?" ಅಂದಳು ಹೆಂಡತಿ.

"ನಿಮ್ಮಪ್ಪನ ಮುಂದೇ ಬಗ್ಗದೋನು ಅದಕ್ಕೆ ಬಗ್ಗಲಾ?" ಅಂದೆ.

ಮಾರನೇ ದಿನ ಎರಡು ಮಾರು ಎಡಕ್ಕೆ ಸರಿದು, ದೊರೆಗಳ ಬಾಗಿಲಿದ್ದ ಕಡೆ ಖಾಕಿ ಅಂಗಿಯಲ್ಲಿ ಎದೆಯೆತ್ತಿ ದಾಟಿದೆ. ತಲೆಗೇನೂ ತಾಗಲಿಲ್ಲ. ಬೆನ್ನ ಹಿಂದೆ ಯಾರೋ ಬೂಟು ಕುಟ್ಟಿ ಸಲಾಮು ಹೊಡೆದ ಸದ್ದಾಯಿತು. ತಿರುಗಿದರೆ ಖಾಲಿ ರಸ್ತೆ.

ಹನ್ನೊಂದು ವರ್ಷ ದಿನಾ ಆ ಸಲಾಮು ತಗೊಂಡೆ. ಮರ್ಯಾದೆ ತಾನಾಗಿ ಬಂದರೆ ಬೇಡ ಅನ್ನೋಕಾಗುತ್ತಾ?

ಹೋದ ತಿಂಗಳು ನಿವೃತ್ತಿಯಾಯಿತು. ಮೊನ್ನೆ ಖಾಕಿ ಇಲ್ಲದೆ, ಮನೆ ಬಟ್ಟೆಯಲ್ಲೇ ಅಲ್ಲಿಗೆ ಹೋದೆ. ಬೂಟಿನ ಸದ್ದಿಲ್ಲ. ತಣ್ಣನೆಯ ಕೈಯೊಂದು ನನ್ನ ರಟ್ಟೆ ಹಿಡಿದು, ಎರಡು ಮಾರು ಬಲಕ್ಕೆ ಕರೆದೊಯ್ದು ನಿಲ್ಲಿಸಿತು.