ಸಮಾರಂಭಕ್ಕೆ ಕಾದ ತಗಡು

1979ರ ಮೇ 22, ಬೆಳಗ್ಗೆ 9.40. ಬಿರುಗಾಳಿ ಪರಿಹಾರ ಸಮಿತಿಯ ಕಾರ್ಯದರ್ಶಿ ಅನಂತರಾಮಯ್ಯ ಕುಣಿಗಲ್ ಠಾಣೆಗೆ ದೂರು ತಂದರು. ಹುತ್ರಿದುರ್ಗ ಬೆಟ್ಟದ ತಪ್ಪಲಿನ ಇರುಳಿಗ ಬುಡಕಟ್ಟಿನವರ ಸೂರಿಗೆಂದು ತುಮಕೂರಿನಿಂದ ತಂದು ಅಲ್ಲಿನ ಶಾಲೆಯಲ್ಲಿಟ್ಟಿದ್ದ ಅರವತ್ತು ತಗಡುಗಳಲ್ಲಿ ಮೂರು ಕಳವಾಗಿದ್ದವು. ಎಸ್.ಐ. ಮಹಾಲಿಂಗಯ್ಯ ಎಫ್‌ಐಆರ್ ಬರೆಸುತ್ತಲೇ ಮೂರು ಸಲ ಕಿಟಕಿಯಾಚೆ ನೋಡಿದರು. ಮತ್ತೆ ಮೋಡ ಕಟ್ಟುತ್ತಿತ್ತು.

"ಗಾಳಿ ಬೀಸಿ ಹದಿನೇಳು ದಿನ ಆಯ್ತು. ಯಾಕ್ರೀ ಇನ್ನೂ ಹಂಚಿಲ್ಲ?"

"ವಿತರಣಾ ಸಮಾರಂಭ ಇಟ್ಕೊಂಡಿದೀವಿ ಸಾರ್. ಮುಖ್ಯ ಅತಿಥಿಗಳ ಡೇಟ್ ಸಿಗ್ಬೇಕಲ್ಲ."

ಅಯ್ಯೋ, ಜನ ಮಳೆಯಲ್ಲಿ ನೆನೆಯುತ್ತಿದ್ದರೆ ಇವರಿಗೆ ಹಾರ-ತುರಾಯಿಯ ಚಿಂತೆ! ಮಹಾಲಿಂಗಯ್ಯನವರಿಗೆ ಮೈಯೆಲ್ಲ ಉರಿಯಿತು. ಆದರೆ ಕಳವು ಕಳವೇ. ಕಾರ್ಯದರ್ಶಿಯನ್ನೂ ಕರೆದುಕೊಂಡು ಜೀಪು ಹತ್ತಿದರು.

11.15ಕ್ಕೆ ಶಾಲೆಯಲ್ಲಿ ಪಂಚನಾಮೆ. ಬಾಗಿಲ ಚಿಲಕ ಮೀಟಲಾಗಿತ್ತು. ತಗಡುಗಳ ಪಕ್ಕ ನೆಲಕ್ಕೆ ಇರುವೆ ಮುತ್ತಿದ್ದನ್ನು ಕಾನ್‌ಸ್ಟೇಬಲ್ ಅಂಜನಮೂರ್ತಿ ತೋರಿಸಿದ.

"ಇಲ್ಲೇನಿತ್ರೀ?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಒಂದ್ ಬಾಟ್ಲಿ ಜೇನಿತ್ತು ಸಾರ್. ಯಾರಿಟ್ರೋ ಏನೋ. ತುಮಕೂರಿನ ಬಟವಾಡೀಲಿರೋ ನಮ್ಮನೆಗೆ ಕಳಿಸ್ಬಿಟ್ಟೆ."

"ಸಾಕ್ಷಿನ ಮನೆಗೆ ಕಳಿಸ್ದೋರನ್ನ ಇವತ್ತೇ ಕಣ್ರೀ ನಾನು ನೋಡಿದ್ದು!"

ಆ ತಪ್ಪಲಿನ ಇರುಳಿಗರು ಇನ್ನೊಬ್ಬರ ಸಾಮಾನನ್ನು ಬರಿಗೈಯಲ್ಲಿ ಒಯ್ಯುವವರಲ್ಲ. ಜೇನನ್ನೋ ಗೆಣಸನ್ನೋ ಇಟ್ಟೇ ಎತ್ತುವುದು ಅವರ ರೂಢಿ. ಕಳ್ಳತನದಲ್ಲೂ ಅದನ್ನು ಬಿಡದವನನ್ನು ಹಿಡಿಯಲು ಪೊಲೀಸ್ ನಾಯಿ ಬೇಕಾಗಲಿಲ್ಲ.

12.30. ಬಂಡೆಗಳ ಕೆಳಗೆ ಗುಡಿಸಲುಗಳೆಲ್ಲ ನೆಲಕಚ್ಚಿದ್ದವು. ಒಂದೇ ಕಡೆ ಬಿದಿರುಗಳ ಮೇಲೆ ಮೂರು ತಗಡು. ಅದರಡಿ ಕಲ್ಲಮ್ಮ ಆರು ದಿನದ ಕೂಸನ್ನು ಅವಚಿಕೊಂಡು ಕೂತಿದ್ದಳು. ಅವಳ ಗಂಡ ದ್ಯಾವಪ್ಪ ತಾನೇ ಎದುರು ಬಂದ.

"ತಗಡು ತಂದೋನು ನೀನೇನಾ?"

"ನಾನೇ ಸಾಮಿ. ಜೇನ್ ಮಡಗಿದ್ನಲ್ಲ, ಸಾಲ್ದಾ?"

ಮಹಾಲಿಂಗಯ್ಯ ಬಗ್ಗಿ ಕೂಸನ್ನು ನೋಡಿದರು. ಅಷ್ಟರಲ್ಲಿ ತಗಡಿನ ಮೇಲೆ ಹನಿ ಬಿತ್ತು.

"ಮಾಲು ಇಳಿಸ್ಲಾ ಸಾರ್?" ಎಂದ ಅಂಜನಮೂರ್ತಿ.

"ಮುಟ್ಬೇಡ ಕಣಯ್ಯ! ಇದ್ದಲ್ಲೇ ಜಪ್ತಿ ಅಂತ ಬರಿ. ಕಲ್ಲಮ್ಮನ ಸುಪರ್ದಿಗೆ ಕೊಟ್ಟಿದೆ, ಕೋರ್ಟ್ ಹೇಳೋವರ್ಗೂ ಯಾರೂ ಅಲ್ಲಾಡಿಸ್ಕೂಡ್ದು ಅಂತ ಸೇರ್ಸು. ಕಾರ್ಯದರ್ಶಿಗಳ್ದೂ ಒಂದು ಸೈನ್ ಹಾಕಿಸ್ಕೊ."

ಅನಂತರಾಮಯ್ಯ ಸಹಿ ಹಾಕಿದರು. ಕಲ್ಲಮ್ಮ ಹೆಬ್ಬೆಟ್ಟು ಒತ್ತಿದಳು. 1.20ಕ್ಕೆ ದ್ಯಾವಪ್ಪನ ದಸ್ತಗಿರಿಯಾಯಿತು.

ಸಂಜೆ ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಂಡರು. ಗಾಳಿ ಬೀಸಿದ ದಿನ ಗುಡಿಸಲು ಕುಸಿದು ಅವನ ನಾಲ್ಕು ವರ್ಷದ ಮಗಳು ಅಡಿಯಲ್ಲೇ ಸತ್ತಿದ್ದಳು. ಕೊನೆಯ ಸಾಲನ್ನು ಮಹಾಲಿಂಗಯ್ಯ ತಿದ್ದದೆ ಅವನ ಮಾತಿನಲ್ಲೇ ಬಿಟ್ಟರು: "ಈ ಕೂಸ್ನಾದ್ರೂ ಉಳಿಸ್ಕಳಾನ ಅಂತ ತಂದೆ ಸಾಮಿ."