ನಂದಿಬಟ್ಟಲ ರಸ

ಒಂದೂರಲ್ಲಿ ಒಬ್ಬ ಹುಡುಗಿ ಇದ್ದಳಂತೆ... ಅವಳನ್ನು ಯಾವ ರಾಕ್ಷಸನೂ ಹೊತ್ತೊಯ್ಯಲಿಲ್ಲ. ನೋಯಿಸಿದವನು ರಾಜಕುಮಾರನೇ!

ಊರು ಬೇವೂರು, ಕಾಲ ನಿಜಾಮರದು, ಹುಡುಗಿ ಗುರುಲಿಂಗಮ್ಮ. ಜೋಳ ಕೊಯ್ಯುವಾಗ ದಂಟಿನ ಗರಿಯೊಂದು ಎಡಗಣ್ಣನ್ನು ಸರ್ರನೆ ಗೀರಿತು. ಅಂದೇ ಹೊಲಕ್ಕೆ ಬಂದಿದ್ದ ಇರಕಲ್ಲಗಡದ ಕೊಟ್ರಬಸಪ್ಪ, ಅವಳಿಗೆ ನಿಶ್ಚಯವಾಗಿದ್ದ ವರ, ಓಡಿಬಂದು ಅವಳ ಮುಖ ಹಿಡಿದೆತ್ತಿದ. ಇಬ್ಬರೂ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

“ತಿಕ್ಕಬ್ಯಾಡ. ನಂದಿಬಟ್ಟಲ ಹೂವಿನ ರಸ ಹಿಂಡ್ತೀನಿ, ತಂಪಾಗತೈತಿ.”

ರಸ ಬಿದ್ದೊಡನೆ ಅವಳು ಚೀರಿದಳು. “ಉರಿತೈತ್ರಿ...!”

“ಮೂರು ದಿನದಾಗ ಕಡಿಮಿ ಆಗ್ಲಿಲ್ಲಂದ್ರ ನಾನ ಗದಗಿನ ದವಾಖಾನಿಗೆ ಕರ್ಕೊಂಡು ಹೋಗ್ತೀನಿ. ನಿನ್ನಾಣಿ!”

ಮೂರು ದಿನವಾಯಿತು. ಹತ್ತಾಯಿತು. ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಹಬ್ಬಿತು. ಅವನು ಬರಲಿಲ್ಲ.

ಬಂದದ್ದು ನೆರೆಮನೆಯ ಫಕೀರಮ್ಮ.

“ಅವರ ಮನ್ಯಾಗ ಕುಷ್ಟಗಿ ಕಡೆ ಹೆಣ್ಣು ನೋಡಾಕತ್ಯಾರಂತ. ರಸ ಹಿಂಡಿ ಕಣ್ಣು ಕೆಡಿಸಿದಾಕಿ ನಿಮ್ಮಜ್ಜಿ ಅಂತ ಆ ಹುಡುಗನ ಹೇಳ್ಯಾನವ್ವಾ!”

ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಮುದುಕಮ್ಮನ ಕೈ ನಿಂತಿತು.

ಗುರುಲಿಂಗಮ್ಮನಿಗೆ ಕಣ್ಣಿಗಿಂತ ಎದೆ ಹೆಚ್ಚು ಉರಿಯಿತು. ನನ್ನ ಬಿಟ್ರ ಬಿಡ್ಲಿ... ಅಜ್ಜಿ ಏನು ಮಾಡಿತ್ತು?

ಹದಿನಾಲ್ಕನೆಯ ದಿನ ಬಾಗಿಲಲ್ಲಿ ಬಂಡಿ ನಿಂತಿತು.

“ದವಾಖಾನಿಗೆ ಹೋಗೂಣು ಬಾ,” ಎಂದ ಕೊಟ್ರಬಸಪ್ಪ.

“ದಾರಿ ತಪ್ಪಿದ್ರೇನ್ರಿ? ಕುಷ್ಟಗಿ ಆ ಕಡಿ ಐತಿ!”

“ಎಷ್ಟರ ಬೈ. ಮೊದಲು ಬಂಡಿ ಹತ್ತು.”

ಕಣ್ಣು ಉಳಿಯಬೇಕಿತ್ತು. ಅಜ್ಜಿಯ ಕೈ ಹಿಡಿದು ಹತ್ತಿದಳು. ಕೊಪ್ಪಳದಲ್ಲಿ ರೈಲು ಹತ್ತಿದ ಮೇಲೂ ಅವನಿಗೆ ಬೆನ್ನು ಮಾಡಿಯೇ ಕೂತಳು.

ಗದಗಿನ ಡಾಕ್ಟರು ಕಣ್ಣರೆಪ್ಪೆ ಬಿಡಿಸಿ ನೋಡಿದರು.

“ಹಳಸಿದ ರೊಟ್ಟಿ ಮ್ಯಾಲೆ ಬೂಷ್ಟು ಬರ್ತದಲ್ಲ, ಅಂಥಾದ್ದು ಕಣ್ಣಾಗ ಬೆಳದದ. ಗರಿ ಗೀರಿದಾಗ ಹೊಕ್ಕದ, ರಸ ಹಾಕಿದ ಮ್ಯಾಲೆ ಇನ್ನೂ ಹಬ್ಬೇದ. ಯಾರು ಹಾಕಿದ್ರಿ?”

ಅಜ್ಜಿ ತಲೆ ತಗ್ಗಿಸಿದಳು. ಗುರುಲಿಂಗಮ್ಮ ಅವನತ್ತ ತಿರುಗಿದಳು. ಇಲ್ಲೂ ಅಜ್ಜಿ ಹೆಸರ ಹೇಳ್ತಾನೇನು...?

“ನಾನ್ರಿ,” ಎಂದ ಕೊಟ್ರಬಸಪ್ಪ. ಕೂತಿದ್ದವರೆಲ್ಲ ತಿರುಗಿ ನೋಡಿದರು. “ಮಂದಿಗೆ ಅಂಜಿ ತಪ್ಪು ಈ ಅಮ್ಮನ ಮ್ಯಾಲೆ ಹಾಕಿದ್ದೆ.”

ಅವನು ಅಜ್ಜಿಯ ಕಾಲು ಹಿಡಿದ.

“ಏಳೋ ಮೂಳಾ,” ಅಜ್ಜಿ ಕಣ್ಣೊರೆಸಿಕೊಂಡಳು. “ಊರಾಗೂ ಇಷ್ಟ ಜೋರಾಗಿ ಹೇಳು.”

“ಕಣ್ಣು ಉಳೀತದ,” ಎಂದರು ಡಾಕ್ಟರು. “ದೃಷ್ಟಿ ಮಾತ್ರ ಮಂಜಾಗೇ ಇರ್ತದ.”

ಕೊಟ್ರಬಸಪ್ಪ ಅವಳತ್ತ ಬಾಗಿ ಪಿಸುಗುಟ್ಟಿದ. “ಬ್ಯಾರೆ ಹೆಣ್ಣು ಒಲ್ಲೆಂತ ಅವ್ವಗ ಹೇಳಿ ಬಂದೀನಿ. ನನಗ ನೀನ ಬೇಕು, ಗುರೂ...”

“ನಂಬಾಕ ನನಗ ಭಾಳ ದಿನ ಹಿಡಿತಾವ್ರಿ.”

“ಹಿಡೀಲಿ. ಇಲ್ಲೇ ಕುಂತಿರ್ತೀನಿ.”

ಅವಳು ಕೈ ಚಾಚಲಿಲ್ಲ. ಅವನು ಹಿಡಿದಾಗ ಬಿಡಿಸಿಕೊಳ್ಳಲೂ ಇಲ್ಲ.

ಡಾಕ್ಟರು ಮೊದಲ ಹನಿ ಔಷಧಿ ಬಿಟ್ಟು, ಕಣ್ಣಿಗೆ ಪಟ್ಟಿ ಕಟ್ಟಿದರು.