ಮ್ಯೂಟ್ ಮಾಡಿದ ಮನೆ

ಆ ಹೆಂಗಸಿಗೆ ಮೈಯೆಲ್ಲ ಅಹಂಕಾರ ಎಂದು ಅವನು ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದ. ವಸ್ತುಸಂಗ್ರಹಾಲಯದ ಹೊಸ ವೆಬ್‌ಸೈಟಿಗೆ ಅವಳು ಡಿಸೈನ್ ಮಾಡುವವಳು, ಅವನು ಅದರ ಪುಟಗಳಿಗೆ ಮಾತು ಬರೆಯುವವನು. ಇಬ್ಬರೂ ಫ್ರೀಲಾನ್ಸರ್‌ಗಳು, ಇಬ್ಬರ ಆಫೀಸೂ ಅವರವರ ಮನೆಯೇ. ವಿಡಿಯೋ ಕಾಲ್‌ನಲ್ಲಿ ಅವನು ಮೈಮರೆತು ಏನೋ ವಿವರಿಸುತ್ತಿದ್ದರೆ ಅವಳು ಪಟ್ಟನೆ ಮ್ಯೂಟ್ ಒತ್ತಿ ಎದ್ದು ಹೋಗುವಳು. ಇವನು ಖಾಲಿ ಕುರ್ಚಿಗೆ ಮುಖ ಕೊಟ್ಟುಕೊಂಡು ಕೂತಿರಬೇಕು. ವಾಪಸ್ ಬಂದ ಮೇಲೆ ಕ್ಷಮಿಸಿ ಎಂಬ ಒಂದು ಮಾತೂ ಇಲ್ಲ, "ಮುಂದೆ ಹೇಳಿ" ಅಷ್ಟೇ. ಅವನು ಮನಸ್ಸಿನಲ್ಲೇ ಅವಳಿಗೆ ಮ್ಯೂಟಮ್ಮ ಎಂದು ಹೆಸರಿಟ್ಟ.

ಒಂದು ಮಧ್ಯಾಹ್ನ ಅವಳು ಮ್ಯೂಟ್ ಒತ್ತುವುದನ್ನು ಮರೆತಳು.

"ಬಾಯಿ ತೆಗಿ ಬಂಗಾರ. ಇನ್ನೊಂದೇ ತುತ್ತು. ನನ್ನ ಜಾಣೆ ಅಲ್ವಾ ನೀನು? ಉಗೀಬಾರ್ದು, ನುಂಗ್ಬೇಕು."

ಅವನು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಕದ್ದು ಕೇಳುವುದು ತಪ್ಪು, ನಿಜ. ಆದರೆ ಅಷ್ಟು ಮೆತ್ತಗಿನ, ಅಷ್ಟು ದಣಿದ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. ಮರುಗಳಿಗೆಯೇ ಲೆಕ್ಕ ಹೊಳೆಯಿತು: ಮಗು ಇದೆ ಅಂದರೆ ಮಗುವಿಗೆ ಅಪ್ಪನೂ ಇರುತ್ತಾನೆ. ಯಾರ ಮನೆಯ ದನಿಗೋ ಮನಸ್ಸು ಕೊಟ್ಟೆನಲ್ಲ, ನನ್ನಂಥ ಬೆಪ್ಪುತಕ್ಕಡಿ ಇನ್ನೊಬ್ಬ ಇಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಆದರೂ ಬಣ್ಣದ ಮಾದರಿಗಳನ್ನು ತೆಗೆದುಕೊಂಡು ಬರಲು ಅವಳ ಮನೆಗೆ ಹೋಗಬೇಕಾಗಿ ಬಂದ ದಿನ, ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಒಂದು ಮರದ ರೈಲು ಕೊಂಡ.

ಬಾಗಿಲು ತೆರೆದವಳು ಸ್ಕ್ರೀನಿನಲ್ಲಿ ಕಾಣುವುದಕ್ಕಿಂತ ಕುಳ್ಳಿ. ಕಣ್ಣಿನ ಕೆಳಗೆ ಕಪ್ಪು.

"ಪಾಪು ಎಲ್ಲಿ?" ಎಂದ ಅವನು, ರೈಲನ್ನು ಮುಂದೆ ಹಿಡಿದು.

"ಯಾವ ಪಾಪು?"

"ಅವತ್ತು ಊಟ ಮಾಡಿಸ್ತಿದ್ರಲ್ಲ, ಬಂಗಾರ, ಜಾಣೆ ಅಂತ..."

ಅವಳು ಪಕ್ಕಕ್ಕೆ ಸರಿದಳು. ಒಳಗೆ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಮುಖದ ಒಂದು ಭಾಗ ಜೋತುಬಿದ್ದಿತ್ತು. ಕೊರಳಿಗೆ ಟವೆಲು ಕಟ್ಟಿತ್ತು.

"ನಮ್ಮಮ್ಮ. ಗಣಿತದ ಟೀಚರ್ ಆಗಿದ್ರು. ಸ್ಟ್ರೋಕ್ ಆದ್ಮೇಲೆ ಮಾತು ಹೋಯ್ತು."

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ಅವನು ನಿಂತ. ಟೀಚರಮ್ಮ ಅವನನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. ಆಮೇಲೆ ಸ್ವಾಧೀನವಿದ್ದ ಒಂದು ಕೈಯನ್ನು ನಿಧಾನವಾಗಿ ಚಾಚಿ ರೈಲನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡರು. ಮಗಳಿಗೆ ನಗು ಬಂತು. ಗೋಡೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೂ ಕಣ್ಣೀರು ನಿಲ್ಲಲಿಲ್ಲ. ಅವಳಿಗೆ ಗಂಡನಿಲ್ಲ, ಮದುವೆಯೇ ಆಗಿಲ್ಲ ಎಂಬುದು ಆ ದಿನವೇ ತಿಳಿಯಿತು. ಅಷ್ಟು ದುಃಖದ ಮನೆಯಲ್ಲಿ ನಿಂತು ಖುಷಿಪಟ್ಟದ್ದಕ್ಕೆ ಅವನಿಗೆ ನಾಚಿಕೆಯೂ ಆಯಿತು.

ಆಮೇಲಿನ ಕಾಲ್‌ಗಳ ರುಚಿಯೇ ಬೇರೆ.

"ಮಾತಿನ ಮಲ್ಲರು ಇವತ್ತು ಏಳು ಸಾಲು ಕಳ್ಸಿದೀರಿ. ನನ್ನ ಬಾಕ್ಸಲ್ಲಿ ಎರಡೇ ಹಿಡಿಯೋದು."

"ಬಾಕ್ಸ್ ದೊಡ್ಡದು ಮಾಡಿ."

"ಬಾಯಿ ಚಿಕ್ಕದು ಮಾಡಿ."

ಹೀಗೆನ್ನುವಾಗ ಮಾತ್ರ ಅವಳು ನೇರ ಕ್ಯಾಮೆರಾ ನೋಡುವಳು. ಉಳಿದ ಹೊತ್ತೆಲ್ಲ ಅವಳ ನೋಟ ತನ್ನ ಕೆಲಸದ ಮೇಲೆ. ಆ ಒಂದು ಗಳಿಗೆ ರೆಪ್ಪೆ ಎತ್ತಿ, ತುಟಿಯ ಕೊನೆಯಲ್ಲಿ ನಗು ಬಚ್ಚಿಟ್ಟುಕೊಂಡು ನೋಡಿದರೆ ಅವನ ಬಾಯಿ ತಾನಾಗಿಯೇ ಚಿಕ್ಕದಾಗುತ್ತಿತ್ತು. ಆ ನೋಟಕ್ಕಾಗಿ ಬೇಕೆಂದೇ ಉದ್ದುದ್ದ ಬರೆದು ಕಳಿಸುವುದನ್ನು ಅಭ್ಯಾಸ ಮಾಡಿಕೊಂಡ.

ಅವಳದ್ದು ಒಂದೇ ಕಟ್ಟುನಿಟ್ಟು. ಮನೆ ಕ್ಲೈಂಟಿಗೆ ಕಾಣಬಾರದು, ಕೇಳಿಸಬಾರದು. ಕ್ಯಾಮೆರಾದ ಕಣ್ಣಿಗೆ ಬೀಳುವ ಗೋಡೆಗಷ್ಟೇ ಬಣ್ಣ ಹೊಡೆಸಿದ್ದಳು. ಅದರಾಚೆ ಔಷಧಿ, ಬೆಡ್‌ಪ್ಯಾನ್, ಒಣಹಾಕಿದ ಹಾಸಿಗೆ ಬಟ್ಟೆ.

ಆ ಕಟ್ಟುನಿಟ್ಟನ್ನು ಮುರಿದವನು ಇವನೇ. ಒಮ್ಮೆ ಅಮ್ಮನಿಗೆ ಜ್ವರ ಬಂದು ಪುಟಗಳು ತಡವಾದವು. ವಸ್ತುಸಂಗ್ರಹಾಲಯದ ಮೇಡಂ ಇವನಿಗೆ ಫೋನ್ ಮಾಡಿ ಯಾಕೆ ಎಂದು ಕೇಳಿದರು. ಅವಳ ಹೆಸರು ಕೆಡಬಾರದು ಎಂದು ಇವನು ಇದ್ದದ್ದನ್ನೆಲ್ಲ ಹೇಳಿದ. ಮೇಡಂ ಒಳ್ಳೆಯವರು. "ಪಾಪ, ಅಮ್ಮನ ಕಡೆ ನೋಡ್ಕೊಳ್ಲಿ ಬಿಡಿ" ಎಂದು ಉಳಿದ ಕೆಲಸವನ್ನು ಒಂದು ಏಜೆನ್ಸಿಗೆ ಕೊಟ್ಟುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಮಾತನ್ನೇ ಮಾರಿ ಬದುಕುವ ಇವನಿಗೆ ಗೊತ್ತಿರಬೇಕಿತ್ತು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮಗೆ ಯಾರು ಹೇಳಿದ್ರು ನನ್ನ ಮನೆ ವಿಷಯ ಹೇಳೋಕೆ?"

"ಸಹಾಯ ಆಗ್ಲಿ ಅಂತ..."

"ಇಡೀ ದಿನ ನಾನು ಮಾತ್ರೆ, ಡಯಾಪರ್, ಬೆಡ್‌ಶೀಟು. ಆ ಸ್ಕ್ರೀನ್ ಮುಂದೆ ಕೂತಾಗ ಮಾತ್ರ ನಾನು ನಾನಾಗಿರ್ತೀನಿ. ಅದಿಲ್ದಿದ್ರೆ ಅಮ್ಮನ ಮೇಲೆ ರೇಗ್ತೀನಿ, ಗೊತ್ತಾ? ಒಂದಿನ ಕೈ ಎತ್ತಿಬಿಡ್ತೀನೇನೋ ಅಂತ ಭಯ ಆಗುತ್ತೆ. ಇರೋದೊಂದನ್ನೂ ಕಿತ್ಕೊಂಡ್ರಲ್ಲ, ಅದೂ ಪಾಪ ಅಂತ."

ಅವಳೇ ಮುಂದುವರಿಸಿದಳು.

"ಇನ್ಮೇಲೆ ಏನೇ ಆಗ್ಲಿ, ನನ್ನ ಕೆಲಸದೊಳಗೆ ಮನೆ ತರಬೇಡಿ. ಮನೆಗೆ ಬೆಂಕಿ ಬಿದ್ರೂ ಸರಿ. ಆಣೆ ಮಾಡಿ."

ಅವನು ಆಣೆ ಮಾಡಿದ. ಬೇರೆ ಕೆಲಸಗಳಿಗೆ ಇಬ್ಬರೂ ಮತ್ತೆ ಜೊತೆಯಾದರೂ ಅವಳು ಮತ್ತೆ ಕ್ಯಾಮೆರಾ ನೋಡಿ ನಗಲು ಬಹಳ ಕಾಲ ಹಿಡಿಯಿತು. ಅಷ್ಟು ಕಾಲ ಅವನು ಕಾದ.

ಕೊನೆಗೊಂದು ದೊಡ್ಡ ಅವಕಾಶ ಬಂತು. ದೀಪಗಳನ್ನು ತಯಾರಿಸುವ ಕಂಪನಿಯೊಂದರ ಕೆಲಸ, ಅವಳೇ ಹೋಗಿ ಎದುರಿಗೆ ನಿಂತು ತೋರಿಸಬೇಕು. ಹೊರಡುವ ಹೊತ್ತಿಗೆ ಸರಿಯಾಗಿ, ಅಮ್ಮನ ಜೊತೆಗಿರಲು ಗೊತ್ತುಮಾಡಿದ್ದ ನರ್ಸ್ ಫೋನ್ ಮಾಡಿ ತಾನು ಬರುವುದಿಲ್ಲ ಎಂದಳು.

"ನಾನಿರ್ತೀನಿ ಹೋಗಿ," ಎಂದ ಶುಭ ಹಾರೈಸಲು ಮನೆಗೆ ಬಂದಿದ್ದ ಅವನು. "ಟೀಚರಮ್ಮಂಗೂ ನಂಗೂ ಚೆನ್ನಾಗಿ ಹೊಂದುತ್ತೆ. ಇಬ್ಬರಲ್ಲಿ ಒಬ್ರು ಮಾತಾಡಿದ್ರೆ ಸಾಕಲ್ವಾ?"

ಅವಳು ಬಾಗಿಲಲ್ಲಿ ಅನುಮಾನಿಸುತ್ತ ನಿಂತಳು. ಕೂದಲು ನೀಟಾಗಿ ಬಾಚಿದ್ದಳು. ಎಷ್ಟೋ ದಿನಗಳ ಮೇಲೆ ಕಿವಿಗೆ ಓಲೆ ಹಾಕಿದ್ದಳು.

"ಗೆದ್ದು ಬನ್ನಿ. ನೀವು ಬಂದ್ಮೇಲೆ ಟೀಚರಮ್ಮನ ಎದುರಿಗೇ ಹೆಣ್ಣು ಕೇಳ್ತೀನಿ," ಎಂದುಬಿಟ್ಟ.

ಅವಳ ಕುತ್ತಿಗೆಯಿಂದ ಮುಖದವರೆಗೂ ಕೆಂಪೇರಿತು. "ಅಮ್ಮ ಅಷ್ಟು ಸುಲಭವಾಗಿ ಯಾರನ್ನೂ ಪಾಸ್ ಮಾಡಲ್ಲ," ಎಂದಳು. ಮೆಟ್ಟಿಲಿಳಿಯುತ್ತಾ ತಿರುಗಿ ನೋಡಿದಳು, ಮತ್ತೆ ಇನ್ನೊಂದು ಸಲ ನೋಡಿದಳು.

ಅವಳು ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಟೀಚರಮ್ಮ ಕುರ್ಚಿಯಲ್ಲೇ ಒಂದು ಪಕ್ಕಕ್ಕೆ ವಾಲಿದರು. ಬಾಯಿಂದ ನೊರೆ ಬಂತು. ಅವನು ಆಂಬ್ಯುಲೆನ್ಸಿಗೆ ಕಾಯದೆ ಅವರನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿದ, ಸಿಕ್ಕ ಟ್ಯಾಕ್ಸಿಯಲ್ಲಿ ಆಸ್ಪತ್ರೆ ಮುಟ್ಟಿಸಿದ.

"ಮಗಳನ್ನ ಬೇಗ ಕರೆಸಿ," ಎಂದರು ಡಾಕ್ಟರು.

ಫೋನ್ ಕೈಯಲ್ಲೇ ಇತ್ತು. ಅವಳ ನಂಬರ್ ತೆಗೆದ. ಒತ್ತಬೇಕೆಂದವನು ನಿಂತ. ಈಗ ಅವಳು ಎಲ್ಲರೆದುರು ನಿಂತು ಮಾತಾಡುತ್ತಿರುತ್ತಾಳೆ. ಫೋನ್ ಬಂದರೆ ಓಡಿ ಬರುತ್ತಾಳೆ, ಕೆಲಸ ಹೋಗುತ್ತದೆ, ಅದನ್ನು ಹಾಳು ಮಾಡಿದವನು ಮತ್ತೆ ನಾನೇ. ಮುಗಿಯಲಿ, ಇನ್ನು ಸ್ವಲ್ಪ ಹೊತ್ತು ತಾನೇ, ಆಸ್ಪತ್ರೆಯಲ್ಲಿದ್ದಾರಲ್ಲ, ಏನೂ ಆಗುವುದಿಲ್ಲ. ಹೀಗೆ ಲೆಕ್ಕ ಹಾಕಿದ. ಡಾಕ್ಟರು ಇನ್ನೊಮ್ಮೆ ಬಂದು ಕೇಳಿದಾಗ "ಬರ್ತಿದಾರೆ" ಎಂದು ಸುಳ್ಳು ಹೇಳಿದ.

ಟೀಚರಮ್ಮನಿಗೆ ಎಚ್ಚರವಾಯಿತು. ಅವರು ಇವನನ್ನು ಒಮ್ಮೆ ನೋಡಿದರು. ಆಮೇಲೆ ನೋಡಿದ್ದೆಲ್ಲ ಬಾಗಿಲನ್ನೇ. ಅವನು ಅವರ ಕೈ ಹಿಡಿದುಕೊಂಡು ಇನ್ನೇನು ಬಂದುಬಿಡ್ತಾಳೆ, ಇನ್ನೇನು ಬಂದುಬಿಡ್ತಾಳೆ ಎನ್ನುತ್ತಲೇ ಇದ್ದ. ಆ ಕೈ ತಣ್ಣಗಾದದ್ದೂ ಅವನಿಗೆ ತಕ್ಷಣ ತಿಳಿಯಲಿಲ್ಲ.

ಅವನು ಕಾರಿಡಾರಿಗೆ ಬರುವಷ್ಟರಲ್ಲಿ ಫೋನ್ ರಿಂಗಾಯಿತು.

"ಕೆಲಸ ಸಿಕ್ತು," ಎಂದಳು ಅವಳು. ಓಡುತ್ತಿದ್ದಳೇನೋ, ಏದುಸಿರಿತ್ತು. "ಅಮ್ಮನ ಕಿವಿಗೆ ಫೋನ್ ಹಿಡೀರಿ, ನಾನೇ ಹೇಳ್ತೀನಿ."

ಅವನು ಆಸ್ಪತ್ರೆಯ ಹೆಸರಷ್ಟೇ ಹೇಳಿದ. ಅವಳು ಬಂದಾಗ ಎಲ್ಲ ಮುಗಿದಿತ್ತು. ಒಳಗೆ ಹೋಗಿ ಬಂದು, ಅವನ ಪಕ್ಕದ ಬೆಂಚಿನಲ್ಲಿ ಕೂತಳು.

"ಎಚ್ಚರ ಇತ್ತಾ ಅಮ್ಮಂಗೆ?"

ಒಪ್ಪವಾದ ಮಾತುಗಳು ಅವನ ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತವು. ನೋವಿಲ್ಲದೆ ಹೋದ್ರು, ಗೊತ್ತೇ ಆಗ್ಲಿಲ್ಲ, ನಿಮ್ಮನ್ನ ನೆನೆಸ್ಕೊಂಡು ನಕ್ರು. ಅಂಥವನ್ನು ಬರೆಯುವುದೇ ಅವನ ಕಸುಬು. ಒಂದನ್ನೂ ಹೇಳಲಿಲ್ಲ.

"ಸುಮಾರು ಹೊತ್ತು ಇತ್ತು. ಬಾಗಿಲು ನೋಡ್ತಿದ್ರು. ಫೋನ್ ನನ್ನ ಕೈಲೇ ಇತ್ತು."

"ಯಾಕೆ ಮಾಡ್ಲಿಲ್ಲ?"

"ಆಣೆ ಮಾಡಿದ್ದೆ."

ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. "ನಾನೇ ಮಾಡಿಸ್ಕೊಂಡಿದ್ದು," ಎಂದಳು.

ಅವನ ಅಂಗಿಯ ಹೆಗಲ ಮೇಲೆ ಕಲೆಯಿತ್ತು. ಅದು ಕಣ್ಣಿಗೆ ಬಿದ್ದು ಕೈವಸ್ತ್ರ ತೆಗೆದಳು.

"ನೀನೇ ಎತ್ಕೊಂಡು ಬಂದ್ಯಾ?"

"ಹೂಂ."

ಮೆಲ್ಲಗೆ ಒರೆಸಿದಳು. ಒರೆಸಿಯಾದ ಮೇಲೂ ಕೈ ಅಲ್ಲೇ ಇತ್ತು.

"ನಿನ್ನ ಕಂಡ್ರೆ ನಂಗೆ ತುಂಬಾ ಇಷ್ಟ ಕಣೋ. ಬೆಳಗ್ಗೆ ಮೆಟ್ಟಿಲಿಳಿಯುವಾಗಲೇ ಹೂಂ ಅಂದ್ಕೊಂಡಿದ್ದೆ. ಆದ್ರೆ ಇನ್ಮೇಲೆ ನಿನ್ನ ಮುಖ ನೋಡಿದಾಗೆಲ್ಲ ಅಮ್ಮ ಬಾಗಿಲು ನೋಡ್ತಿರೋದೇ ಕಾಣ್ಸುತ್ತೆ. ನಿನ್ನ ತಪ್ಪಲ್ಲ. ಹೋಗು."

"ಅಮ್ಮನ ಮುಂದಿನ ಕೆಲಸ ಎಲ್ಲ ಮುಗಿಯೋವರೆಗಾದ್ರೂ ಇರ್ತೀನಿ."

"ಬೇಡ. ನೀನಿದ್ರೆ ನಾನು ನಿನ್ನ ಹೆಗಲ ಮೇಲೆ ಬಿದ್ದು ಅಳ್ತೀನಿ. ಆಮೇಲೆ ಅದಕ್ಕೂ ನನ್ನನ್ನ ನಾನು ಕ್ಷಮಿಸ್ಕೊಳ್ಳಲ್ಲ."

ಅವಳು ಕೈ ತೆಗೆದಳು. ಅವನು ಎದ್ದ.

ಕೆಳಗಿಳಿದು ಆಸ್ಪತ್ರೆಯ ಗೇಟಿನ ಹೊರಗೆ ಬಂದರೂ ಅವನಿಗೆ ಮುಂದೆ ನಡೆಯಲಾಗಲಿಲ್ಲ. ಮನಸ್ಸು ಬದಲಾಯಿಸಿ ಕರೆದಾಳು ಎಂದು ಫೋನನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಸಂಜೆಯಾಯಿತು. ಅವಳು ಫೋನ್ ಮಾಡಲಿಲ್ಲ.